ಬಿಚ್ಚುವ ದಿನವಿಲ್ಲದ ಕಂಕಣ

ನನ್ನ ಕೈಯಲ್ಲಿರುವ ಈ ಹಳದಿ ಪಟ್ಟಿಯನ್ನು ಮೊದಲ ಸಾಲಿನವರು ನೋಡಿ ಹಿಂದಕ್ಕೆ ದಾಟಿಸುತ್ತಾ ಹೋಗಿ. ನನ್ನ ಮಾತು ಮುಗಿಯುವಷ್ಟರಲ್ಲಿ ಅದು ಕೊನೆಯ ಸಾಲನ್ನು ಮುಟ್ಟಿ ಮರಳಿ ಬಂದರೆ ಸಾಕು. ಸುತ್ತಳತೆ 202 ಮಿಲಿಮೀಟರ್, ಅಗಲ 12 ಮಿಲಿಮೀಟರ್. ದೊಡ್ಡವರ ಮಣಿಕಟ್ಟಿಗೆಂದು ಮಾಡುವ ಸಿಲಿಕೋನ್ ಪಟ್ಟಿಗಳಿಗೆಲ್ಲ ಸಾಮಾನ್ಯವಾಗಿ ಇದೇ ಅಳತೆ. ಬಣ್ಣ ಮಾಸಿ ಅರಿಶಿನ ಹತ್ತಿದ ಹಳೆಯ ಬಟ್ಟೆಯಂತಾಗಿದೆ. ‘ಲಿವ್‌ಸ್ಟ್ರಾಂಗ್’, ಅಂದರೆ ‘ಗಟ್ಟಿಯಾಗಿ ಬದುಕು’, ಎಂಬ ಇಂಗ್ಲಿಷ್ ಅಕ್ಷರಗಳು ಒಳಕ್ಕೆ ಇಳಿದಿವೆ, ಅವುಗಳ ಸಂದಿಯಲ್ಲಿ ಇಪ್ಪತ್ತು ವರ್ಷಗಳ ಕೊಳೆ ಕೂತಿದೆ. ಕೊನೆಯ ಅಕ್ಷರ ಅರ್ಧ ಅಳಿಸಿದಂತೆ ಕಾಣುತ್ತದಲ್ಲವೆ? ಅದು ತೊಟ್ಟು ಸವೆದದ್ದಲ್ಲ, ಅಚ್ಚೇ ಹಾಗಿತ್ತು. ಏಕೆಂದರೆ ಇದು ಕ್ಯಾನ್ಸರ್ ಬಂದವರ ಬೆಂಬಲಕ್ಕೆಂದು ಅಮೆರಿಕದಲ್ಲಿ ಹೊರತಂದ ಪಟ್ಟಿಯ ನಕಲಿ. 2005ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಫುಟ್‌ಪಾತಿನಲ್ಲಿ, ಕಬ್ಬಿಣದ ಸರಳಿಗೆ ಬಣ್ಣಬಣ್ಣವಾಗಿ ಪೋಣಿಸಿಟ್ಟಿದ್ದ ನೂರಾರು ಪಟ್ಟಿಗಳ ನಡುವಿನಿಂದ ಹತ್ತು ರೂಪಾಯಿ ಕೊಟ್ಟು ಆರಿಸಿಕೊಂಡದ್ದು. ‘ಇದು ಯಾವುದಕ್ಕಪ್ಪಾ?’ ಎಂದು ಮಾರುವ ಹುಡುಗನನ್ನು ಕೇಳಿದ್ದೆ. ಅವನು ನನ್ನ ಮುಖವನ್ನೇ ನೋಡಿ, ‘ಹಾಕ್ಕೊಳ್ಳಕ್ಕೆ ಸಾರ್’ ಎಂದ.

ಆ ಉತ್ತರದಲ್ಲಿ ತಪ್ಪೇನೂ ಇರಲಿಲ್ಲ. ನಾನು ಕೇಳಿದ್ದು ಇದು ಯಾವ ಕಾರಣಕ್ಕಾಗಿ ಹುಟ್ಟಿದ ವಸ್ತು ಎಂದು. ಅವನು ಹೇಳಿದ್ದು ಇದರಿಂದ ಏನು ಮಾಡಬಹುದು ಎಂದು. ಈ ಎರಡರ ನಡುವಿನ ಅಂತರವೇ ಇಂದಿನ ನನ್ನ ವಿಷಯ. ಒಂದು ರೋಗಕ್ಕೋ ಅನ್ಯಾಯಕ್ಕೋ ಸಂಬಂಧಿಸಿದ ಬೆಂಬಲದ ಗುರುತು ಹೇಗೆ ಅಲಂಕಾರವಾಗುತ್ತದೆ, ಅಲಂಕಾರವಾದ ಮೇಲೂ ಅದರಲ್ಲಿ ಏನಾದರೂ ಉಳಿಯುತ್ತದೆಯೆ ಎಂಬುದನ್ನು ಕೆಲವು ನಿಜವಾದ ಪಟ್ಟಿಗಳನ್ನು ಮುಂದಿಟ್ಟುಕೊಂಡು ನೋಡೋಣ.

ಕನ್ನಡದಲ್ಲಿ ಮಾತಾಡುವವರಿಗೆ ಇಲ್ಲೊಂದು ಅನುಕೂಲವಿದೆ. ಒಂದು ಕೆಲಸಕ್ಕೆ ಪಣತೊಟ್ಟವನನ್ನು ನಾವು ‘ಕಂಕಣಬದ್ಧ’ ಎನ್ನುತ್ತೇವೆ. ಪತ್ರಿಕೆಗಳಲ್ಲಿ ಸವೆದು ಸವೆದು ಆ ಮಾತಿನ ಹಿಂದಿರುವ ದಾರ ನಮಗೆ ಈಗ ಕಾಣುವುದಿಲ್ಲ. ಮದುವೆಯಲ್ಲಿ ವಧೂವರರ ಕೈಗೆ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಬಿಗಿಯುತ್ತಾರೆ. ಕಲಾಪಗಳು ಮುಗಿದ ಮೇಲೆ ಅದನ್ನು ಬಿಚ್ಚುವುದಕ್ಕೂ ಒಂದು ಶಾಸ್ತ್ರವಿದೆ. ಊರಹಬ್ಬಕ್ಕೆ ಕಂಕಣ ಕಟ್ಟಿಸಿಕೊಂಡವನು ಹಬ್ಬ ಮುಗಿಯುವ ತನಕ ಊರಿನ ಎಲ್ಲೆ ದಾಟುವಂತಿಲ್ಲ ಎಂಬ ಕಟ್ಟುಪಾಡು ನಮ್ಮ ಕಡೆ ಇತ್ತು. ಅಂದರೆ ಕಂಕಣಕ್ಕೆ ಎರಡು ತುದಿಗಳಿವೆ: ಕಟ್ಟುವ ದಿನ ಒಂದು, ಬಿಚ್ಚುವ ದಿನ ಇನ್ನೊಂದು. ನಡುವಿನ ಅವಧಿಯಲ್ಲಿ ಅದನ್ನು ಕಟ್ಟಿಕೊಂಡವನ ಮೇಲೆ ಒಂದು ಕೆಲಸ ಇರುತ್ತದೆ, ಒಂದಿಷ್ಟು ನಿರ್ಬಂಧವೂ ಇರುತ್ತದೆ. ಚೆಂದ ಕಾಣಲೆಂದು ಯಾರೂ ಕಂಕಣವನ್ನು ಹತ್ತು ದಿನ ಹೆಚ್ಚಿಗೆ ಇಟ್ಟುಕೊಳ್ಳುವುದಿಲ್ಲ. ಈ ಅಳತೆಗೋಲನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಬರುವ ಪಟ್ಟಿಗಳನ್ನೆಲ್ಲ ಅದರಿಂದಲೇ ಅಳೆಯಲಿದ್ದೇನೆ.

ಸಿಲಿಕೋನ್ ಬರುವುದಕ್ಕೆ ಬಹಳ ಮುಂಚೆ, 1970ರ ನವೆಂಬರ್ 11ರಂದು, ಅಮೆರಿಕದ ಲಾಸ್ ಏಂಜಲೀಸ್‌ನ ವಿದ್ಯಾರ್ಥಿಗಳ ಒಂದು ಸಂಘಟನೆ ಲೋಹದ ಕೈಪಟ್ಟಿಯೊಂದನ್ನು ಹೊರತಂದಿತು. ಸಂಘಟನೆಯ ಹೆಸರನ್ನು ಚುಟುಕಾಗಿ ‘ವಿವಾ’ ಎನ್ನುತ್ತಿದ್ದರು. ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಸೆರೆಸಿಕ್ಕ ಸೈನಿಕರು, ಕಾಣೆಯಾದ ಸೈನಿಕರು ನೂರಾರು ಮಂದಿ ಇದ್ದರು, ಅವರ ಮನೆಯವರಿಗೆ ಸುದ್ದಿಯೇ ಇರಲಿಲ್ಲ. ಪ್ರತಿಯೊಂದು ಪಟ್ಟಿಯ ಮೇಲೂ ಅಂಥ ಒಬ್ಬ ಸೈನಿಕನ ಹೆಸರು, ಅವನ ಹುದ್ದೆ, ಅವನು ಕಾಣೆಯಾದ ದಿನಾಂಕ ಕೊರೆದಿರುತ್ತಿತ್ತು. ಬೆಲೆ ಎರಡೂವರೆ ಡಾಲರ್. ಷರತ್ತು ಒಂದೇ: ಆ ಮನುಷ್ಯ ಮನೆಗೆ ಬರುವ ತನಕ, ಇಲ್ಲವೆ ಅವನಿಗೆ ಏನಾಯಿತೆಂದು ತಿಳಿಯುವ ತನಕ, ಇದನ್ನು ತೆಗೆಯಬಾರದು. ಸುಮಾರು ಐವತ್ತು ಲಕ್ಷ ಪಟ್ಟಿಗಳು ಹೀಗೆ ಜನರ ಕೈಸೇರಿದವು.

ಇದೂ ಫ್ಯಾಷನ್ ಆಗಿತ್ತು ಎಂಬುದನ್ನು ಮರೆಯಬೇಡಿ. ಚಿತ್ರನಟರು ಹಾಕಿಕೊಂಡರು, ರಾಜಕಾರಣಿಗಳು ಹಾಕಿಕೊಂಡರು, ಶಾಲೆಯ ಹುಡುಗಿಯರು ತಮ್ಮ ತಮ್ಮ ಪಟ್ಟಿಯ ಹೆಸರುಗಳನ್ನು ಹೋಲಿಸಿ ನೋಡಿಕೊಂಡರು. ಆದರೆ ಹಾಕಿಕೊಂಡವರಿಗೆ ಓದಲು ಒಂದು ಕೆಲಸವೂ ದೊರೆತಿತ್ತು. 1973ರ ಆರಂಭದಲ್ಲಿ ಒಪ್ಪಂದವಾಗಿ 591 ಮಂದಿ ಸೆರೆಯಾಳುಗಳು ಬಿಡುಗಡೆಯಾದಾಗ ಪತ್ರಿಕೆಗಳಲ್ಲಿ ಹೆಸರುಗಳ ಪಟ್ಟಿ ಬಂತು. ಮನೆಮನೆಗಳಲ್ಲಿ ಜನ ತಮ್ಮ ಮಣಿಕಟ್ಟನ್ನು ಒಮ್ಮೆ, ಪತ್ರಿಕೆಯನ್ನು ಒಮ್ಮೆ ನೋಡಿದರು. ಹೆಸರು ಕಂಡವರು ಪಟ್ಟಿಯನ್ನು ಬಿಚ್ಚಿ, ತಾವೆಂದೂ ಕಾಣದ ಆ ಮನುಷ್ಯನಿಗೆ ಅಂಚೆಯಲ್ಲಿ ಕಳುಹಿಸಿದರು. ಹೆಸರು ಕಾಣದವರು ಹಾಗೆಯೇ ಇಟ್ಟುಕೊಂಡರು. ಆ ಯುದ್ಧದಲ್ಲಿ ಕಾಣೆಯಾದ 1,500ಕ್ಕೂ ಹೆಚ್ಚು ಅಮೆರಿಕನ್ನರ ಲೆಕ್ಕ ಇಂದಿಗೂ ಸಿಕ್ಕಿಲ್ಲ. ಆದ್ದರಿಂದ ಕೆಲವು ಪಟ್ಟಿಗಳು ಈಗಲೂ ಕೈಯ ಮೇಲೆ ಇವೆ. ಈ ಯುದ್ಧ ನ್ಯಾಯವಾದದ್ದೆ, ಈ ಪಟ್ಟಿಯಿಂದ ಯಾರಿಗೆ ರಾಜಕೀಯ ಲಾಭವಾಯಿತು ಎಂಬ ಪ್ರಶ್ನೆಗಳು ಇದ್ದೇ ಇವೆ. ಸೆರೆಯಾಳುಗಳಿಗಾಗಿ ಮರುಗಿದವರು ಬಾಂಬಿನ ಕೆಳಗಿದ್ದ ವಿಯೆಟ್ನಾಮಿನ ಹಳ್ಳಿಗಳ ಬಗ್ಗೆ ಏನನ್ನೂ ತೊಡಲಿಲ್ಲ ಎಂಬುದೂ ನಿಜ. ನಾನಿಲ್ಲಿ ಹೇಳುತ್ತಿರುವುದು ವಸ್ತುವಿನ ರಚನೆಯ ಮಾತು. ಅದರಲ್ಲಿ ಒಂದು ಹೆಸರಿತ್ತು, ಒಂದು ದಿನಾಂಕವಿತ್ತು, ಬಿಚ್ಚುವ ದಿನ ಯಾವುದೆಂಬುದು ಮೊದಲೇ ಗೊತ್ತಿತ್ತು.

ಮುಂದಿನ ಇಪ್ಪತ್ತು ವರ್ಷಗಳ ರಿಬ್ಬನ್ನುಗಳ ಕಥೆಯನ್ನು ಬೇಗ ದಾಟುತ್ತೇನೆ, ಒಂದನ್ನು ಬಿಟ್ಟು. 1991ರಲ್ಲಿ ನ್ಯೂಯಾರ್ಕಿನ ‘ವಿಷುಯಲ್ ಏಡ್ಸ್’ ಎಂಬ ಕಲಾವಿದರ ಗುಂಪು ಕೆಂಪು ರಿಬ್ಬನ್ನನ್ನು ರೂಪಿಸಿ, ಅದಕ್ಕೆ ಯಾರೂ ಹಕ್ಕುಸ್ವಾಮ್ಯ ಹೇಳಬಾರದೆಂದು ತೀರ್ಮಾನಿಸಿತು. ನಮ್ಮ ರಾಜ್ಯದ ಪದವಿ ಕಾಲೇಜುಗಳಲ್ಲಿರುವ ‘ರೆಡ್ ರಿಬ್ಬನ್ ಕ್ಲಬ್’ಗಳ ಹೆಸರಿನ ಮೂಲ ಅದೇ. ನಾನು ನಿಂತು ಹೇಳಬೇಕಾದದ್ದು ಪೀಚ್ ಹಣ್ಣಿನ ಬಣ್ಣದ ಒಂದು ರಿಬ್ಬನ್ನಿನ ಬಗ್ಗೆ. ತೊಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಷಾರ್ಲಟ್ ಹೇಲಿ ಎಂಬ ಹಿರಿಯ ಮಹಿಳೆ ತಮ್ಮ ಊಟದ ಮೇಜಿನ ಮೇಲೆ ಕೂತು ಕೈಯಾರೆ ರಿಬ್ಬನ್ನುಗಳನ್ನು ಮಾಡಿ, ಐದೈದನ್ನು ಒಂದು ಕಾರ್ಡಿಗೆ ಸೇರಿಸಿ ಹಂಚುತ್ತಿದ್ದರು. ಅವರ ಮನೆತನದ ಹೆಂಗಸರು ಸ್ತನ ಕ್ಯಾನ್ಸರಿನಿಂದ ನೊಂದಿದ್ದರು. ಸರ್ಕಾರದ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಬಜೆಟ್ 180 ಕೋಟಿ ಡಾಲರ್, ಅದರಲ್ಲಿ ರೋಗ ತಡೆಗಟ್ಟುವುದಕ್ಕೆ ಹೋಗುವುದು ನೂರಕ್ಕೆ ಐದು ಮಾತ್ರ, ಈ ರಿಬ್ಬನ್ ತೊಟ್ಟು ನಮ್ಮ ಶಾಸಕರನ್ನು ಎಚ್ಚರಿಸಿ ಎಂಬರ್ಥದ ಮಾತು ಆ ಕಾರ್ಡಿನ ಮೇಲಿತ್ತು. 1992ರಲ್ಲಿ ಮಹಿಳೆಯರ ಪತ್ರಿಕೆಯೊಂದು ಮತ್ತು ದೊಡ್ಡ ಸೌಂದರ್ಯವರ್ಧಕ ಕಂಪನಿಯೊಂದು ಆ ರಿಬ್ಬನ್ನನ್ನು ಕೇಳಿದವು. ವ್ಯಾಪಾರದ ವಾಸನೆ ಹತ್ತಿದೆಯೆಂದು ಹೇಲಿ ಒಪ್ಪಲಿಲ್ಲ. ವಕೀಲರ ಸಲಹೆ ಕೇಳಿದ ಪತ್ರಿಕೆಗೆ ಒಂದು ಸುಲಭ ದಾರಿ ಸಿಕ್ಕಿತು: ಬಣ್ಣ ಬದಲಾಯಿಸಿದರೆ ಸಾಕು. ಪೀಚ್ ಹೋಗಿ ಗುಲಾಬಿ ಬಂತು. ಗುಲಾಬಿ ರಿಬ್ಬನ್ ಜಗತ್ತನ್ನೇ ಸುತ್ತಿತು, ತಪಾಸಣೆಯ ಅರಿವನ್ನು ಹರಡಿತು, ಕೋಟಿಗಟ್ಟಲೆ ಹಣ ತಂದಿತು. ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಬಣ್ಣದ ಜೊತೆಗೇ ಕಾರ್ಡಿನ ಮೇಲಿದ್ದ ಆ ಬಜೆಟ್ಟಿನ ಲೆಕ್ಕವೂ ಹೋಯಿತು. ರಿಬ್ಬನ್ ಏನನ್ನು ಕೇಳುತ್ತಿತ್ತೋ ಅದು ಹೋಯಿತು, ರಿಬ್ಬನ್ ಉಳಿಯಿತು.

ಈಗ ನಿಮ್ಮ ಕೈಗಳಲ್ಲಿ ದಾಟುತ್ತಿರುವ ಹಳದಿ ಪಟ್ಟಿಗೆ ಬರೋಣ. ಅಮೆರಿಕದ ಸೈಕಲ್ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರ ಅಕ್ಟೋಬರಿನಲ್ಲಿ ವೃಷಣದ ಕ್ಯಾನ್ಸರ್ ಇರುವುದು ಪತ್ತೆಯಾಯಿತು; ಅದು ಆಗಲೇ ಶ್ವಾಸಕೋಶಕ್ಕೂ ಮಿದುಳಿಗೂ ಹರಡಿತ್ತು. ಮರುವರ್ಷ ಆತ ಕ್ಯಾನ್ಸರ್ ಬಂದವರಿಗಾಗಿ ತನ್ನ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದ. 1999ರಿಂದ ಸಾಲಾಗಿ ಏಳು ಬಾರಿ ‘ಟೂರ್ ದ ಫ್ರಾನ್ಸ್’ ಓಟದಲ್ಲಿ ಮೊದಲಿಗನಾಗಿ ಬಂದ. ಆ ಓಟದಲ್ಲಿ ಮುಂಚೂಣಿಯಲ್ಲಿರುವವನಿಗೆ ಹಳದಿ ಅಂಗಿ ತೊಡಿಸುತ್ತಾರೆ. 1919ರಲ್ಲಿ ಆರಂಭವಾದ ಪದ್ಧತಿ ಅದು, ಓಟವನ್ನು ನಡೆಸುತ್ತಿದ್ದ ಪತ್ರಿಕೆಯ ಕಾಗದ ಹಳದಿಯಾಗಿತ್ತು ಎಂಬುದು ಅದಕ್ಕೆ ಕೊಡುವ ಸಾಮಾನ್ಯ ವಿವರಣೆ. 2004ರ ಮೇ ತಿಂಗಳಲ್ಲಿ ನೈಕಿ ಕಂಪನಿ ಮತ್ತು ಆ ಪ್ರತಿಷ್ಠಾನ ಜೊತೆಗೂಡಿ ಅದೇ ಹಳದಿಯ ಸಿಲಿಕೋನ್ ಪಟ್ಟಿಯನ್ನು ಹೊರತಂದವು. ಬೆಲೆ ಒಂದು ಡಾಲರ್. ಮೊದಲಿಗೆ ಮಾಡಿಸಿದ್ದು ಐವತ್ತು ಲಕ್ಷ. ಮುಂದಿನ ವರ್ಷಗಳಲ್ಲಿ ಎಂಟು ಕೋಟಿಗೂ ಹೆಚ್ಚು ಹೋದವು.

ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರು ಕೈಗೆ ದಪ್ಪ ರಬ್ಬರ್ ಪಟ್ಟಿ ಹಾಕಿಕೊಳ್ಳುತ್ತಿದ್ದರು, ನೈಕಿ ಅಂಥವನ್ನು ಮಾರುತ್ತಲೂ ಇತ್ತು. ಅಂದರೆ ಫ್ಯಾಷನ್ ಮೊದಲೇ ಇತ್ತು, ಉದ್ದೇಶ ಆಮೇಲೆ ಬಂದು ಅದರೊಳಗೆ ಕೂತಿತು. ಒಂದು ಡಾಲರ್ ಎಂದರೆ ಯೋಚಿಸಬೇಕಾದ ಬೆಲೆಯಲ್ಲ. ಹತ್ತರ ಕಟ್ಟುಗಳಲ್ಲೂ ಮಾರುತ್ತಿದ್ದರು. ಒಬ್ಬರು ಕೊಂಡರೆ ಒಂಬತ್ತು ಮಂದಿಗೆ ಹಂಚುತ್ತಿದ್ದರು. ಗಂಡಸರೂ ಹೆಂಗಸರೂ, ಸೂಟು ತೊಟ್ಟವರೂ ಬನಿಯನ್ನಿನವರೂ ಒಂದೇ ರೀತಿ ಹಾಕಿಕೊಳ್ಳಬಹುದಾದ ಆಭರಣ ಇನ್ನೊಂದಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಕೈಯಲ್ಲಿ ಅದು ಕಾಣಿಸಿತು. ಅದೇ ವರ್ಷ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಜಾನ್ ಕೆರಿ ಪ್ರಚಾರದ ವೇಳೆ ತೊಟ್ಟಿದ್ದರು. ಅಂಗಡಿಯಲ್ಲಿ ಸರಕು ಮುಗಿದಾಗ ಜಾಲತಾಣಗಳಲ್ಲಿ ಒಂದು ಡಾಲರಿನ ಪಟ್ಟಿಯನ್ನು ಹಲವು ಪಟ್ಟು ಬೆಲೆಗೆ ಮರುಮಾರಾಟ ಮಾಡಿದರು, ಆ ಹೆಚ್ಚುವರಿ ಹಣ ಯಾವ ರೋಗಿಗೂ ಹೋಗಲಿಲ್ಲ.

ಇನ್ನು ಮಾಡುವ ವಿಧಾನ. ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಾದಿದ ಹಿಟ್ಟಿನಂತಿರುವ ಸಿಲಿಕೋನ್ ರಬ್ಬರಿಗೆ ಬಣ್ಣ ಸೇರಿಸಿ ರೋಲರುಗಳ ನಡುವೆ ಮತ್ತೆ ಮತ್ತೆ ಹಾಯಿಸುತ್ತಾರೆ. ತುಂಡು ಮಾಡಿ ಉಕ್ಕಿನ ಅಚ್ಚಿನ ಹಳ್ಳಗಳಲ್ಲಿಟ್ಟು, ಕಾದ ಯಂತ್ರದಲ್ಲಿ ಒತ್ತಿದರೆ ಕೆಲವು ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಅಂಚಿನಿಂದ ಹೊರಕ್ಕೆ ಉಕ್ಕಿದ ತೆಳುಪದರವನ್ನು ಕೈಯಲ್ಲಿ ಕಿತ್ತು ತೆಗೆಯುತ್ತಾರೆ. ಅಚ್ಚು ಕೆತ್ತಿಸುವುದಕ್ಕೆ ಮಾತ್ರ ಖರ್ಚು, ಆಮೇಲೆ ಒಂದೊಂದು ಪಟ್ಟಿಗೆ ತಗಲುವುದು ಪುಡಿಗಾಸು. ಆದ್ದರಿಂದಲೇ ಒಂದು ವರ್ಷದೊಳಗೆ ಪ್ರತಿ ರೋಗಕ್ಕೂ ಪ್ರತಿ ಊರಿಗೂ ಒಂದೊಂದು ಬಣ್ಣದ ಪಟ್ಟಿ ಹುಟ್ಟಿಕೊಂಡಿತು. ಆದ್ದರಿಂದಲೇ ಬ್ರಿಗೇಡ್ ರಸ್ತೆಯ ಹುಡುಗನ ಸರಳಿಗೂ ಅದು ಬಂತು.

ಒಂದು ಬಣ್ಣಕ್ಕೆ ಒಂದೇ ಅರ್ಥ ಇರುವುದಿಲ್ಲ ಎಂಬುದು ಬಹುಬೇಗ ಆಸ್ಪತ್ರೆಗಳಲ್ಲಿ ಗೊತ್ತಾಯಿತು. ವಿಷಯದಿಂದ ತುಸು ಪಕ್ಕಕ್ಕೆ ಸರಿದಂತಾದರೂ ಇದನ್ನು ಹೇಳದೆ ಇರಲಾರೆ. 2004ರಲ್ಲಿ ಫ್ಲೋರಿಡಾದ ಕೆಲವು ಆಸ್ಪತ್ರೆಗಳಲ್ಲಿ ರೋಗಿಯ ಕೈಗೆ ಹಳದಿ ಪಟ್ಟಿ ಹಾಕಿದ್ದರೆ, ಹೃದಯ ನಿಂತರೆ ಮತ್ತೆ ಬದುಕಿಸುವ ಯತ್ನ ಮಾಡಬೇಡಿ ಎಂದರ್ಥ. ‘ಗಟ್ಟಿಯಾಗಿ ಬದುಕು’ ಎಂದು ಹೇಳುವ ಪಟ್ಟಿಯನ್ನು ತೊಟ್ಟು ಬಂದ ರೋಗಿ, ಅಲ್ಲಿನ ದಾದಿಯ ಕಣ್ಣಿಗೆ ‘ಸಾಯಲು ಬಿಡಿ’ ಎಂದು ಹೇಳುತ್ತಿದ್ದಂತೆ ಕಾಣಬಹುದಾಗಿತ್ತು. ಆಸ್ಪತ್ರೆಯವರು ಪಟ್ಟಿಯನ್ನು ತೆಗೆಸತೊಡಗಿದರು, ತೆಗೆಯಲೊಪ್ಪದವರ ಪಟ್ಟಿಯ ಮೇಲೆ ಬಿಳಿ ಟೇಪು ಸುತ್ತಿದರು.

2005ರ ಬ್ರಿಟನ್ ಈ ಪಟ್ಟಿಗಳ ಸುಗ್ಗಿಯ ಕಾಲ. ಆ ವರ್ಷದ ಆರಂಭದಲ್ಲಿ ಫುಟ್‌ಬಾಲ್ ಆಟಗಾರ ತಿಯೆರಿ ಆನ್ರಿ ಮೈದಾನಗಳ ಜನಾಂಗೀಯ ನಿಂದನೆಯ ವಿರುದ್ಧ ಕಪ್ಪು ಮತ್ತು ಬಿಳಿಯ ಎರಡು ಪಟ್ಟಿಗಳು ಒಂದರೊಳಗೊಂದು ಹೆಣೆದುಕೊಂಡ ಜೋಡಿಯನ್ನು ನೈಕಿಯೊಂದಿಗೆ ಹೊರತಂದರು. ರೂಪದ ಮಟ್ಟಿಗೆ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದು ಬಂದಿಲ್ಲ, ಏಕೆಂದರೆ ಅಕ್ಷರ ಓದಲು ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಶಾಲೆಗಳಲ್ಲಿ ದುರ್ಬಲರನ್ನು ಪೀಡಿಸುವುದರ ವಿರುದ್ಧ ನೀಲಿ ಪಟ್ಟಿ ಬಂತು. ಅದನ್ನು ಹಾಕಿಕೊಂಡ ಮಕ್ಕಳನ್ನೇ ಪೀಡಕರು ಗುರುತು ಹಿಡಿದು ಕಾಡಿದರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದವು. ಬೆಂಬಲದ ಗುರುತು ತೊಟ್ಟವನನ್ನು ಗುರಿಯಾಗಿಯೂ ಮಾಡಬಲ್ಲದು ಎಂಬುದನ್ನು ಅದನ್ನು ರೂಪಿಸಿದ ದೊಡ್ಡವರು ಯೋಚಿಸಿರಲಿಲ್ಲ, ಮಕ್ಕಳು ಬಹುಬೇಗ ಕಂಡುಕೊಂಡರು.

ಎಲ್ಲಕ್ಕಿಂತ ದೊಡ್ಡದು ‘ಮೇಕ್ ಪಾವರ್ಟಿ ಹಿಸ್ಟರಿ’ ಎಂಬ ಚಳವಳಿಯ ಬಿಳಿ ಪಟ್ಟಿ. ಬಡತನವನ್ನು ಇತಿಹಾಸಕ್ಕೆ ಸೇರಿಸಿ ಎಂದು ಕರೆಕೊಟ್ಟ ನೂರಾರು ಸಂಸ್ಥೆಗಳ ಒಕ್ಕೂಟ ಅದು. ಬಡದೇಶಗಳ ಸಾಲ ಮನ್ನಾ ಮಾಡಿ, ನೆರವು ಹೆಚ್ಚಿಸಿ, ವ್ಯಾಪಾರದ ನಿಯಮಗಳನ್ನು ನ್ಯಾಯವಾಗಿಸಿ ಎಂಬ ಮೂರು ಬೇಡಿಕೆಗಳು. 2005ರ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಎಂಟು ಶ್ರೀಮಂತ ದೇಶಗಳ ನಾಯಕರು ಸೇರುವುದಿತ್ತು; ಅದಕ್ಕೂ ಮುನ್ನ, ಜುಲೈ 2ರಂದು, ಎಡಿನ್‌ಬರೋ ನಗರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಿಳಿಬಟ್ಟೆ ತೊಟ್ಟು ನಗರದ ಮಧ್ಯಭಾಗವನ್ನು ಸುತ್ತುವರಿದು ನಡೆದರು. ಊರಿನ ಮಣಿಕಟ್ಟಿಗೇ ಬಿಳಿ ಪಟ್ಟಿ ಕಟ್ಟಿದಂತೆ. ಇದಕ್ಕೆ ಅಂಟಿಕೊಂಡಿದ್ದ ಜಾಗತಿಕ ಕರೆಯ ಭಾರತದ ಕೊಂಡಿ ‘ವಾದಾ ನ ತೋಡೋ ಅಭಿಯಾನ್’, ಅಂದರೆ ಕೊಟ್ಟ ಮಾತು ಮುರಿಯಬೇಡಿ ಎಂಬ ಆಂದೋಲನ. ಈ ಬಿಳಿ ಪಟ್ಟಿ ನನ್ನ ಕಂಕಣದ ಅಳತೆಗೆ ಬಹುಮಟ್ಟಿಗೆ ಹೊಂದುತ್ತದೆ: ಕೇಳಿದ್ದು ಹಣವನ್ನಷ್ಟೇ ಅಲ್ಲ, ಎಂಟು ಜನ ನಾಯಕರಿಂದ ಒಂದು ನಿರ್ದಿಷ್ಟ ತೀರ್ಮಾನವನ್ನು, ದಿನಾಂಕವೂ ಇತ್ತು. 18 ದೇಶಗಳ ಸುಮಾರು 4,000 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡುವ ಒಪ್ಪಂದ ಆ ಬೇಸಿಗೆಯಲ್ಲಿ ಆಯಿತು.

ಆದರೆ ಅದೇ ಬಿಳಿ ಪಟ್ಟಿಯ ಒಳಮೈಯನ್ನೂ ನೋಡಬೇಕು. ಪಟ್ಟಿಗಳಲ್ಲಿ ಕೆಲವನ್ನು ಮಾಡಿದ್ದು ಚೀನಾದ ಕಾರ್ಖಾನೆಗಳಲ್ಲಿ. ಅಲ್ಲಿ ಕೆಲಸಗಾರರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿ ಸಿಗುತ್ತಿದೆ, ದುಡಿಮೆಯ ಗಂಟೆಗಳಿಗೆ ಮಿತಿಯಿಲ್ಲ ಎಂದು ಪರಿಶೀಲನಾ ವರದಿಗಳನ್ನು ಆಧರಿಸಿ ಬ್ರಿಟಿಷ್ ಪತ್ರಿಕೆಯೊಂದು ಸಮಾವೇಶಕ್ಕೆ ತಿಂಗಳೊಂದಿರುವಾಗ ಬರೆಯಿತು. ಬಡತನ ತೊಲಗಿಸುವ ಪಟ್ಟಿಯ ಅಂಚಿನ ತೆಳುಪದರವನ್ನು ಕಿತ್ತ ಕೈಗಳು ಬಡವರದೇ ಆಗಿದ್ದವು. ಈ ಸುದ್ದಿಯನ್ನು ಓದಿ ಚಳವಳಿಯನ್ನೇ ಹಾಸ್ಯ ಮಾಡಿದವರ ಸಾಲಿಗೆ ನಾನು ಸೇರುವುದಿಲ್ಲ, ಯಾಕೆಂದರೆ ನಮ್ಮ ಮೈಮೇಲಿನ ಅಂಗಿಯನ್ನೂ ಹಾಗೆಯೇ ವಿಚಾರಿಸಿದರೆ ನಾವಾರೂ ಮಾತಾಡುವಂತಿಲ್ಲ. ಆದರೆ ಒಂದು ಮಾತು ಉಳಿಯುತ್ತದೆ: ಅಂಗಿ ತನ್ನನ್ನು ತಾನು ನ್ಯಾಯವೆಂದು ಹೇಳಿಕೊಳ್ಳುವುದಿಲ್ಲ, ಆ ಪಟ್ಟಿ ಹೇಳಿಕೊಳ್ಳುತ್ತಿತ್ತು.

ಫ್ಯಾಷನ್ ಎಂಬುದು ಉದ್ದೇಶದ ಶತ್ರು ಎಂದು ನೀವೀಗ ತೀರ್ಮಾನಿಸುವ ಮೊದಲು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಮೊಕದ್ದಮೆಯನ್ನು ಕೇಳಿ. ‘ಕೀಪ್ ಎ ಬ್ರೆಸ್ಟ್’ ಎಂಬ ಸಂಸ್ಥೆ ಹದಿಹರೆಯದವರಲ್ಲಿ ಸ್ತನ ಕ್ಯಾನ್ಸರಿನ ಅರಿವು ಮೂಡಿಸಲು ಪಟ್ಟಿಗಳನ್ನು ಮಾರುತ್ತಿತ್ತು. ಅದರ ಮೇಲಿದ್ದ ವಾಕ್ಯದಲ್ಲಿ ಸ್ತನಕ್ಕೆ ಹುಡುಗರು ಬಳಸುವ ತುಂಟ ಪದವಿತ್ತು. ಅದನ್ನು ಪ್ರೀತಿಸುತ್ತೇನೆ ಎಂದು ಆ ಪಟ್ಟಿ ಹೇಳುತ್ತಿತ್ತು. ಗಂಭೀರ ಮಾತಿಗೆ ಕಿವಿಗೊಡದ ವಯಸ್ಸಿನವರ ಬಾಯಲ್ಲಿ ಸಂಕೋಚವಿಲ್ಲದೆ ಆ ವಿಷಯ ಬರಲಿ ಎಂಬುದೇ ಉದ್ದೇಶ. ಈಸ್ಟನ್ ಪ್ರದೇಶದ ಶಾಲಾ ಆಡಳಿತ ಆ ಪಟ್ಟಿಯನ್ನು ಅಶ್ಲೀಲವೆಂದು ನಿಷೇಧಿಸಿತು. 2010ರ ಅಕ್ಟೋಬರಿನಲ್ಲಿ ಮಾಧ್ಯಮಿಕ ಶಾಲೆಯ ಇಬ್ಬರು ಹುಡುಗಿಯರು ಅದನ್ನು ತೆಗೆಯಲು ಒಪ್ಪದೆ ಶಾಲೆಯಿಂದ ಅಮಾನತಾದರು, ಹೆತ್ತವರ ಮೂಲಕ ನ್ಯಾಯಾಲಯಕ್ಕೆ ಹೋದರು. 2013ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ಬಹುಮತದಿಂದ ಹುಡುಗಿಯರ ಪರವಾಗಿ ತೀರ್ಪು ಕೊಟ್ಟಿತು: ಸಾಮಾಜಿಕ ವಿಷಯವೊಂದರ ಬಗ್ಗೆ ಅಭಿಪ್ರಾಯ ಹೇಳುವ ಮಾತು ಅದು, ಸ್ಪಷ್ಟವಾಗಿ ಅಶ್ಲೀಲವಲ್ಲದ ಅಂಥ ಮಾತನ್ನು ಶಾಲೆ ನಿಷೇಧಿಸುವಂತಿಲ್ಲ ಎಂದು. ಮರುವರ್ಷ ಸುಪ್ರೀಂ ಕೋರ್ಟ್ ಶಾಲೆಯ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಹನ್ನೆರಡು ಹದಿಮೂರರ ಆ ಹುಡುಗಿಯರು ಮೊದಲು ಪಟ್ಟಿ ಕೊಂಡದ್ದು ಗೆಳತಿಯರೂ ಹಾಕಿಕೊಂಡಿದ್ದರೆಂದೇ ಇರಬಹುದು. ತೆಗೆಯಿರಿ ಎಂದಾಗ ತೆಗೆಯದೆ ನಿಂತ ಗಳಿಗೆಯಲ್ಲಿ ಅದು ಫ್ಯಾಷನ್ನಾಗಿ ಉಳಿಯಲಿಲ್ಲ. ಕೈಪಟ್ಟಿಗೆ ಅರ್ಥ ಬರುವುದು ಅದಕ್ಕಾಗಿ ಏನನ್ನಾದರೂ ತೆರಬೇಕಾಗಿ ಬಂದಾಗ.

ನನ್ನ ಕೈಯ ಪಟ್ಟಿಗೆ ಅಂಥ ಗಳಿಗೆ ಬಂದದ್ದು ಬೇರೆ ರೀತಿಯಲ್ಲಿ. 2007ರಲ್ಲಿ ನನ್ನ ದೊಡ್ಡಮ್ಮನ ಮಗಳು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೀಮೋ ತೆಗೆದುಕೊಳ್ಳುತ್ತಿದ್ದಳು. ಡ್ರಿಪ್ ಹಾಕಿದ ಕೈಯನ್ನು ಅಲುಗಿಸದೆ, ಇನ್ನೊಂದು ಕೈಯ ಬೆರಳಿನಿಂದ ನನ್ನ ಪಟ್ಟಿಯನ್ನು ಎಳೆದು ಬಿಟ್ಟು, ‘ಇದೇನೋ ಇದು?’ ಎಂದಳು. ಕ್ಯಾನ್ಸರ್ ಬಂದವರಿಗೆ ಬೆಂಬಲ ಅಂತ ಹಾಕ್ಕೊಳ್ಳೋದು ಅಕ್ಕ ಎಂದೆ. ‘ಹೌದಾ, ನಂಗೇನಾ? ಎಷ್ಟು ಕೊಟ್ಟೆ?’ ಎಂದಳು. ಹತ್ತು ರೂಪಾಯಿ ಎಂದೆ. ‘ಯಾರಿಗೆ ಹೋಯ್ತೋ ಆ ದುಡ್ಡು?’ ಎಂದು ನಕ್ಕಳು. ವ್ಯಂಗ್ಯವಿರಲಿಲ್ಲ, ಕುತೂಹಲವಷ್ಟೇ. ನಾನು ಆ ಸಂಜೆ ಮನೆಗೆ ಬಂದು ಪಟ್ಟಿಯನ್ನು ತೆಗೆದು ಮೇಜಿನ ಖಾನೆಯಲ್ಲಿ ಹಾಕಿದೆ. ಮಾರನೆಯ ದಿನದಿಂದ ಅವಳ ಊಟ ಒಯ್ಯುವ ಪಾಳಿಯಲ್ಲಿ ನಾನೂ ಒಬ್ಬನಾದೆ. ಅದಕ್ಕೆ ಯಾವ ಬಣ್ಣದ ಪಟ್ಟಿಯೂ ಇರಲಿಲ್ಲ, ಸ್ಟೀಲಿನ ಕ್ಯಾರಿಯರ್ ಇತ್ತು.

ಹಳದಿ ಪಟ್ಟಿಯ ಮುಂದಿನ ಕಥೆ ನಿಮಗೆಲ್ಲ ಗೊತ್ತು. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ಆರ್ಮ್‌ಸ್ಟ್ರಾಂಗ್‌ನ ಮೋಸವನ್ನು ಬಯಲಿಗೆ ತಂದಿತು. ಅಕ್ಟೋಬರಿನಲ್ಲಿ ಏಳೂ ಪ್ರಶಸ್ತಿಗಳು ಹೋದವು, ನೈಕಿ ಒಪ್ಪಂದ ಮುರಿಯಿತು, ಆತ ಪ್ರತಿಷ್ಠಾನದ ಅಧ್ಯಕ್ಷತೆಯಿಂದ ಇಳಿದ. ನವೆಂಬರಿನಲ್ಲಿ ಪ್ರತಿಷ್ಠಾನ ತನ್ನ ಹೆಸರಿನಿಂದ ಅವನ ಹೆಸರನ್ನು ತೆಗೆದು ‘ಲಿವ್‌ಸ್ಟ್ರಾಂಗ್’ ಎಂದಷ್ಟೇ ಉಳಿಸಿಕೊಂಡಿತು. 2013ರ ಜನವರಿಯಲ್ಲಿ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರಿಯ ಸಂದರ್ಶನದಲ್ಲಿ ಆತನೇ ತಪ್ಪೊಪ್ಪಿಕೊಂಡ. ಹಳದಿ ಬಣ್ಣದ ಆಧಾರವೇ ಆ ಹಳದಿ ಅಂಗಿ. ಅಂಗಿಯೇ ಸುಳ್ಳಾದ ಮೇಲೆ ಪಟ್ಟಿ ಏನಾಗಬೇಕು? ಅನೇಕರು ನಾಚಿಕೊಂಡು ತೆಗೆದರು. ಆದರೆ ಹಲವು ರೋಗಿಗಳು, ರೋಗದಿಂದ ಪಾರಾದವರು ತೆಗೆಯಲಿಲ್ಲ. ಅವರಿಗೆ ಅದು ಸೈಕಲ್ ಓಟದ ಪಟ್ಟಿಯಾಗಿರಲೇ ಇಲ್ಲ. ಅವರ ಸ್ವಂತ ಕೀಮೋದ ದಿನಗಳ ಪಟ್ಟಿಯಾಗಿತ್ತು. ಪ್ರತಿಷ್ಠಾನವೂ ಬಾಗಿಲು ಮುಚ್ಚಲಿಲ್ಲ. ಕ್ಯಾನ್ಸರ್ ರೋಗಿಗಳಿಗೆ ವಿಮೆಯ ಗೋಜಲು ಬಿಡಿಸಿಕೊಡುವುದು, ಚಿಕಿತ್ಸೆಗೆ ಮುನ್ನ ಸಂತಾನಶಕ್ತಿಯನ್ನು ಕಾಯ್ದಿಡಲು ನೆರವಾಗುವುದು ಮೊದಲಾದ, ಪ್ರಯೋಗಾಲಯದ ಹೊರಗಿನ ಕೆಲಸಗಳಲ್ಲಿ ಅದು ತೊಡಗಿಕೊಂಡಿತು. 2014ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್‌ನ ಹೊಸ ವೈದ್ಯಕೀಯ ಕಾಲೇಜಿಗೆ ಐದು ಕೋಟಿ ಡಾಲರ್ ಕೊಡುವುದಾಗಿ ಘೋಷಿಸಿತು. ಅಲಂಕಾರ ಹೋದ ಮೇಲೆ ಲೆಕ್ಕದ ಪುಸ್ತಕದಲ್ಲಿ ಉಳಿದದ್ದು ಅದು, ಕಡಿಮೆಯೇನಲ್ಲ.

ಗುರುತು ತೊಟ್ಟವರು ನಿಜವಾಗಿ ಹೆಚ್ಚು ಕೊಡುತ್ತಾರೆಯೆ? ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅಲ್ಲಿ ನವೆಂಬರ್ 11ರ ಮುನ್ನಿನ ದಿನಗಳಲ್ಲಿ ಮಡಿದ ಸೈನಿಕರ ನೆನಪಿಗೆ ಕೆಂಪು ಪಾಪಿ, ಅಂದರೆ ಗಸಗಸೆ ಜಾತಿಯ ಹೂವಿನ ಗುರುತನ್ನು ಎದೆಗೆ ಚುಚ್ಚಿಕೊಳ್ಳುತ್ತಾರೆ. ಕೆಲವರಿಗೆ ಎಲ್ಲರಿಗೂ ಕಾಣುವಂತೆ ಅಂಗಿಗೆ ಚುಚ್ಚಿದರು, ಕೆಲವರಿಗೆ ಲಕೋಟೆಯಲ್ಲಿಟ್ಟು ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಮೊಗಸಾಲೆಯ ಇನ್ನೊಂದು ತುದಿಯಲ್ಲಿ ದೇಣಿಗೆ ಕೇಳಿದರು. ಹೆಚ್ಚು ಕೊಟ್ಟವರು ಲಕೋಟೆಯವರು. ಎಲ್ಲರ ಕಣ್ಣಿಗೂ ಬಿದ್ದವರಿಗೆ ಒಳ್ಳೆಯವರೆನಿಸಿಕೊಳ್ಳುವ ಕೆಲಸ ಆಗಲೇ ಮುಗಿದುಹೋಗಿತ್ತು.

ಆದರೆ ಆ ಪಾಪಿ ಹೂವಿಗೂ ನಮ್ಮ ಧ್ವಜ ದಿನದ ಕಾಗದಕ್ಕೂ ಸಿಲಿಕೋನ್ ಪಟ್ಟಿಗೆ ಇಲ್ಲದ ಒಂದು ಗುಣವಿದೆ. 1949ರಿಂದ ಪ್ರತಿ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಡೆಯುತ್ತಿದೆ. ಕೆಂಪು, ಕಡುನೀಲಿ, ತಿಳಿನೀಲಿ ಮೂರು ಪಡೆಗಳ ಬಣ್ಣ. ನಮ್ಮ ಹೈಸ್ಕೂಲಿನಲ್ಲಿ ಗುಂಡುಸೂಜಿಯಿಂದ ಜೇಬಿಗೆ ಚುಚ್ಚಿಕೊಂಡ ಆ ಪುಟ್ಟ ಕಾಗದ ಸಂಜೆಯ ಹೊತ್ತಿಗೆ ಮುದುಡಿ ಬಿದ್ದುಹೋಗುತ್ತಿತ್ತು. ಮಾರನೆಯ ದಿನ ಅದನ್ನು ತೊಟ್ಟು ಬಂದವರು ಯಾರೂ ಇಲ್ಲ. ಅದು ಫ್ಯಾಷನ್ ಆಗುವಷ್ಟು ಬಾಳುತ್ತಿರಲಿಲ್ಲ. ಸಿಲಿಕೋನ್ ಹಾಗಲ್ಲ, ನೀರಿಗೆ ಕರಗದು, ಬಿಸಿಲಿಗೆ ಸುಲಭಕ್ಕೆ ಬಿರಿಯದು. ಅದನ್ನು ಬಿಚ್ಚುವ ದಿನವನ್ನು ಯಾರಾದರೂ ನಿಗದಿ ಮಾಡಲೇಬೇಕು.

ಕೊನೆಯದಾಗಿ, ಹಾಗೆ ನಿಗದಿ ಮಾಡಿದ ಒಂದು ಪ್ರಯೋಗದ ಮಾತು. ಸಿಲಿಕೋನ್ ಸುತ್ತಲಿನ ಗಾಳಿಯಲ್ಲಿರುವ, ಚರ್ಮದ ಮೇಲಿರುವ ಅನೇಕ ರಾಸಾಯನಿಕಗಳನ್ನು ಹೀರಿಟ್ಟುಕೊಳ್ಳುತ್ತದೆ. ಹೆಚ್ಚು ಕಡಿಮೆ ನಮ್ಮ ದೇಹದ ಜೀವಕೋಶಗಳು ಹೀರುವ ರೀತಿಯಲ್ಲೇ. ಅಮೆರಿಕದ ಆರಿಗಾನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಗುಣವನ್ನು ಗಮನಿಸಿ, ಇದೇ ಬಗೆಯ ಅಗ್ಗದ ಕೈಪಟ್ಟಿಗಳನ್ನು ಮೊದಲು ಚೆನ್ನಾಗಿ ಶುದ್ಧಮಾಡಿ ಮೂವತ್ತು ಮಂದಿ ಸ್ವಯಂಸೇವಕರಿಗೆ ಮೂವತ್ತು ದಿನ ತೊಡಿಸಿದರು. ಅವಧಿ ಮುಗಿದ ಮೇಲೆ ಬಿಚ್ಚಿಸಿಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ 49 ಬಗೆಯ ಸಂಯುಕ್ತಗಳು ಸಿಕ್ಕವು ಎಂದು 2014ರ ಅವರ ವರದಿ ಹೇಳುತ್ತದೆ: ಕೀಟನಾಶಕಗಳು, ಪ್ಲಾಸ್ಟಿಕ್ಕಿನಿಂದ ಬಂದವು, ಹೊಗೆಯವು, ಪ್ರಸಾಧನದವು. ಡಾಂಬರು ಕಾಯಿಸಿ ಛಾವಣಿಗೆ ಬಳಿಯುವ ಕೂಲಿಕಾರರ ಪಟ್ಟಿಗಳನ್ನೂ ಅವರು ಪರೀಕ್ಷಿಸಿದರು, ದಿನವಿಡೀ ಆ ಮನುಷ್ಯರ ಮೈಗೆ ಏನೇನು ತಾಕುತ್ತದೆ ಎಂಬುದು ಆ ಪಟ್ಟಿಗಳಲ್ಲಿ ದಾಖಲಾಗಿತ್ತು. ಅವುಗಳ ಮೇಲೆ ಯಾವ ಘೋಷಣೆಯೂ ಕೊರೆದಿರಲಿಲ್ಲ. ತೊಟ್ಟವರು ಮಾಡಬೇಕಾದದ್ದು ತೊಡುವುದು, ದಿನ ತುಂಬಿದಾಗ ಬಿಚ್ಚಿ ಕೊಡುವುದು.

ಪಟ್ಟಿ ಕೊನೆಯ ಸಾಲಿನಿಂದ ಮರಳಿ ಬಂತು, ಕೊಡಿ. ಇಷ್ಟು ಕೈ ದಾಟಿದ್ದರಿಂದ ಇದೀಗ ನಿಮ್ಮೆಲ್ಲರ ಕೈಯ ಒಂದಿಷ್ಟು ಬೆವರನ್ನೂ ಹೀರಿಕೊಂಡಿರಬಹುದು. ಎರಡು ವರ್ಷ ಇದು ನನ್ನ ಮಣಿಕಟ್ಟಿನಲ್ಲಿದ್ದು ಆಟೋ ಹೊಗೆಯನ್ನೋ ಸೋಪನ್ನೋ ಏನನ್ನು ತುಂಬಿಕೊಂಡಿತ್ತೋ. ಕೇಳಿ ಪಡೆಯುವವರು ಆಗ ಯಾರೂ ಇರಲಿಲ್ಲ, ಒಬ್ಬಳನ್ನು ಬಿಟ್ಟು. ಅವಳು ಕೇಳಿದ್ದು ಪಟ್ಟಿಯನ್ನಲ್ಲ, ಹತ್ತು ರೂಪಾಯಿಯ ಲೆಕ್ಕವನ್ನು. ಅವಳೀಗ ಆರೋಗ್ಯವಾಗಿದ್ದಾಳೆ, ಆ ಲೆಕ್ಕವನ್ನು ಈಗಲೂ ಕೇಳುತ್ತಾಳೆ.